ನಮಗಾಗಿ ಬರೆಯದ ಪುಸ್ತಕಗಳು

ಬೇರೆ ದೇಶದ ಬಗ್ಗೆ ತಿಳಿಯಬೇಕು ಅಂದರೆ ಮೊದಲು ಕೈ ಹೋಗುವುದು ಪ್ರವಾಸ ಕಥನಕ್ಕೆ. ನಾನೂ ಅಲ್ಲಿಂದಲೇ ಶುರು ಮಾಡಿದವನು. 'ಅಮೆರಿಕದಲ್ಲಿ ಗೊರೂರು' ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ. ಆದರೆ ಪುಸ್ತಕ ಮುಗಿಯುವ ಹೊತ್ತಿಗೆ ಅಮೆರಿಕಕ್ಕಿಂತ ಗೊರೂರರೇ ನನಗೆ ಜಾಸ್ತಿ ಪರಿಚಯವಾಗಿದ್ದರು. ಪ್ರವಾಸಿ ತನಗೆ ಆಶ್ಚರ್ಯ ತಂದದ್ದನ್ನು ಬರೆಯುತ್ತಾನೆ. ನನಗೆ ಬೇಕಿದ್ದದ್ದು ಆ ಊರಿನವರಿಗೆ ಯಾವುದು ಮಾಮೂಲೋ ಅದು.

ಹಾಗಾಗಿ ಈಗ ಒಂದು ದೇಶ ಹಿಡಿದರೆ, ಅಲ್ಲಿನವರು ತಮ್ಮವರಿಗಾಗಿ ಬರೆದುಕೊಂಡ ಒಂದು ಸಂಸಾರದ ಕಾದಂಬರಿಯನ್ನು ಮೊದಲು ಹುಡುಕುತ್ತೇನೆ. ದಪ್ಪಗಿದ್ದಷ್ಟೂ ಒಳ್ಳೆಯದು. ಮದುವೆ, ಸಾಲ, ಕಾಯಿಲೆ, ಊಟ ಇರಬೇಕು. ಇತಿಹಾಸದ ಪುಸ್ತಕ ಆಮೇಲೆ.

ಜಪಾನಿನ ಬಾಗಿಲು ತೆರೆದದ್ದು ಜುನಿಚಿರೊ ತನಿಜಾಕಿಯ 'ದಿ ಮಕಿಯೋಕಾ ಸಿಸ್ಟರ್ಸ್'. ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ಕತ್ತಿ ಹಿಡಿದ ಸಮುರಾಯ್‌ಗಳು ಯಾರೂ ಇಲ್ಲ. ಒಸಾಕಾದ ಒಂದು ಹಳೇ ವ್ಯಾಪಾರಿ ಮನೆತನ, ಕೈಯಲ್ಲಿದ್ದ ದುಡ್ಡು ಕರಗಿದೆ, ಹೆಸರು ಮಾತ್ರ ಉಳಿದಿದೆ. ನಾಲ್ವರು ಅಕ್ಕತಂಗಿಯರು. ಮೂರನೆಯವಳಾದ ಯುಕಿಕೊಗೆ ಮೂವತ್ತಾದರೂ ಮದುವೆಯಿಲ್ಲ. ಅವಳದಾಗದೆ ಕೊನೆಯವಳದು ಮಾಡುವಂತಿಲ್ಲ. ಸಂಬಂಧ ಬರುತ್ತದೆ, ಗುಟ್ಟಾಗಿ ವಿಚಾರಿಸುತ್ತಾರೆ, ಮುರಿಯುತ್ತದೆ, ಇನ್ನೊಂದು ಬರುತ್ತದೆ. ಒಬ್ಬ ಹುಡುಗನ ತಾಯಿಗೆ ಮಾನಸಿಕ ಕಾಯಿಲೆ ಎಂದು ಗೊತ್ತಾಗಿ ಬಿಡುತ್ತಾರೆ. ಇತ್ತ ಯುಕಿಕೊಳ ಕಣ್ಣಿನ ಮೇಲೆ ಆಗಾಗ ಒಂದು ಕಲೆ ಕಾಣಿಸಿಕೊಂಡರೆ ಮನೆಯವರಿಗೆಲ್ಲ ಆತಂಕ.

ಅರೆ, ಇದು ನಮ್ಮ ಮನೆ ಕಥೆಯೇ ಅಲ್ವಾ ಅನಿಸುತ್ತದೆ. ಹಾಗೆ ಅನಿಸಿದ ಜಾಗದಲ್ಲೆಲ್ಲ ಒಂದು ಚೀಟಿ ಇಡುವುದು ನನ್ನ ಅಭ್ಯಾಸ. 'ನಮ್ಮ ಹಾಗೇ' ಅಂದುಕೊಂಡ ಕೂಡಲೇ ಮನಸ್ಸು ನೋಡುವುದನ್ನು ನಿಲ್ಲಿಸಿಬಿಡುತ್ತದೆ. ಅದಕ್ಕೇ ಮುಂದೆ ಅದು ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಎಂದು ಕಾಯುತ್ತೇನೆ. ಇಲ್ಲಿ ದೊಡ್ಡಕ್ಕನ ಗಂಡ ಮನೆ ಅಳಿಯ. ಅಪ್ಪನಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ಅಳಿಯನೇ ಹೆಂಡತಿಯ ಮನೆತನದ ಹೆಸರು ತೊಟ್ಟು ಯಜಮಾನನಾಗಿದ್ದಾನೆ. ನಾದಿನಿಯರ ಮದುವೆ ವಿಷಯದಲ್ಲಿ ಕೊನೆಯ ಮಾತು ಅವನದು. ನಮ್ಮಲ್ಲೂ ಮನೆ ಅಳಿಯ ಉಂಟು, ಆದರೆ ಹೆಸರು ಬದಲಿಸಿ ಗದ್ದುಗೆ ಏರುವವನಲ್ಲ. ಕರಾವಳಿಯ ಅಳಿಯಕಟ್ಟು ಕೂಡ ಬೇರೆಯೇ, ಅಲ್ಲಿ ಹಕ್ಕು ಸೋದರಮಾವನಿಂದ ಸೋದರಳಿಯನಿಗೆ. ಮೂರೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಜಪಾನಿನ ಏರ್ಪಾಡು ನನಗೆ ಸರಿಯಾಗಿ ಅರ್ಥವಾದದ್ದು.

ಕಾದಂಬರಿಯ ಶುರುವಿನಲ್ಲೇ ಒಂದು ಇಂಜೆಕ್ಷನ್ ಇದೆ. ಅಕ್ಕತಂಗಿಯರು ಸೂಜಿ ಕುದಿಸಿ, ಸ್ಪಿರಿಟ್ ಹಚ್ಚಿ, ಒಬ್ಬರಿಗೊಬ್ಬರು ವಿಟಮಿನ್ ಬಿ ಚುಚ್ಚಿಕೊಳ್ಳುತ್ತಾರೆ. ಸ್ವಲ್ಪ ಸುಸ್ತಾದರೂ 'ಬಿ ಕಮ್ಮಿಯಾಗಿದೆ' ಅನ್ನುವುದು ಅವರ ಮನೆಮಾತು. ಯಾಕೆ ಏನು ಎಂದು ಲೇಖಕರು ಉದ್ದುದ್ದ ವಿವರಿಸುವುದಿಲ್ಲ. ಅವರ ಓದುಗರಿಗೆ ಅದು ಗೊತ್ತೇ ಇದ್ದ ವಿಷಯ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನವನ್ನೇ ಹೆಚ್ಚಾಗಿ ಉಣ್ಣುತ್ತಿದ್ದ ಜಪಾನಿನಲ್ಲಿ ಬಿ1 ಕೊರತೆಯಿಂದ ಬೆರಿಬೆರಿ ರೋಗ ದೊಡ್ಡ ಪಿಡುಗಾಗಿತ್ತು. ಇದನ್ನು ನಾನು ಬೇರೆ ಕಡೆ ಹುಡುಕಿ ಓದಿಕೊಂಡೆ. ಆದರೆ ಹುಡುಕುವುದು ಅಧ್ಯಾಯ ಮುಗಿದ ಮೇಲೆ. ಸಾಲಿಗೊಮ್ಮೆ ಫೋನ್ ತೆಗೆದರೆ ಕಥೆ ಸತ್ತಹಾಗೆ.

ನಕ್ಷೆ ಮಾತ್ರ ಪಕ್ಕದಲ್ಲೇ ಇರಬೇಕು. 1938ರ ಜುಲೈನಲ್ಲಿ ಕೋಬೆ ಕಡೆ ಭಾರೀ ನೆರೆ ಬಂತು, ಕಾದಂಬರಿಯಲ್ಲೂ ಅದು ಬರುತ್ತದೆ. ಸಮುದ್ರದ ಪಕ್ಕದ ಊರಿಗೆ ಬಂಡೆ, ಮರ, ಕೆಸರು ಎಲ್ಲಿಂದ ಬಂತಪ್ಪಾ ಅಂದುಕೊಂಡು ನಕ್ಷೆ ನೋಡಿದೆ. ಬೆನ್ನಿಗೇ ರೊಕ್ಕೊ ಬೆಟ್ಟಸಾಲು, ಮುಂದೆ ಸಮುದ್ರ, ನಡುವೆ ಬೆಲ್ಟಿನಷ್ಟು ಅಗಲದ ನೆಲದಲ್ಲಿ ಊರು. ಹೊಳೆಗಳು ಗಿಡ್ಡ, ಇಳಿಜಾರು ಕಡಿದು. ಮಳೆ ಸುರಿದರೆ ಗುಡ್ಡವೇ ಇಳಿದು ಬರುತ್ತದೆ.

ಇನ್ನೊಂದು ತಮಾಷೆ ಕೇಳಿ. 1943ರಲ್ಲಿ ಇದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರಲು ಶುರುವಾದಾಗ, ಯುದ್ಧದ ಕಾಲಕ್ಕೆ ತಕ್ಕದ್ದಲ್ಲ ಎಂದು ನಿಲ್ಲಿಸಿಬಿಟ್ಟರು. ಸೀರೆ, ಸಂಬಂಧ, ಹೂವು ನೋಡುವ ಸಂಭ್ರಮದಂಥ ಮಾತು ಸರ್ಕಾರಕ್ಕೆ ಬೇಡವಾಗಿತ್ತು. ಸೀರೆ ಅಂದರೆ ಕಿಮೊನೊ, ನನ್ನ ತಲೆಯಲ್ಲಿ ಮಾತ್ರ ಸೀರೆಯೇ ಓಡುತ್ತಿತ್ತು!

ನೈಜೀರಿಯಾಕ್ಕೆ ಹೋದಾಗ ನಿಯಮ ಸ್ವಲ್ಪ ಸಡಿಲಿಸಬೇಕಾಯಿತು. ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಇಂಗ್ಲಿಷಿನಲ್ಲೇ ಬರೆದದ್ದು, ಅಲ್ಲಲ್ಲಿ ಹೊರಗಿನವರಿಗೂ ಬಿಡಿಸಿ ಹೇಳುತ್ತದೆ. ಆದರೂ ಅದರಲ್ಲಿನ, ಕೊಟ್ಟ ಸಾಲ ವಾಪಸ್ ಕೇಳುವ ದೃಶ್ಯವೊಂದೇ ಸಾಕು. ಬಂದವನಿಗೆ ಮೊದಲು ಕೋಲಾ ಕಾಯಿಯ ಉಪಚಾರ. ಅದನ್ನು ಒಡೆಯುವ ಗೌರವ ನಿನಗೆ, ಇಲ್ಲ ನಿನಗೆ ಎಂದು ಇಬ್ಬರೂ ಎಳೆದಾಡುತ್ತಾರೆ. ಆಮೇಲೆ ಮಳೆ, ಬೆಳೆ, ಊರ ಸುದ್ದಿ. ಸಾಲದ ಮಾತು ಕೊನೆಗೆ, ಅದೂ ಗಾದೆಗಳ ಮೇಲೆ ಗಾದೆ ಹೇಳಿ. ಸಾಲ ತೆಗೆದುಕೊಂಡಿದ್ದ ಉನೋಕ ನಗುತ್ತಾ ಗೋಡೆ ತೋರಿಸುತ್ತಾನೆ. ಗೋಡೆ ತುಂಬ ಸೀಮೆಸುಣ್ಣದ ಗೆರೆಗಳು, ಒಂದೊಂದು ಗೆರೆಗೆ ನೂರು ಕವಡೆ ಸಾಲ. ದೊಡ್ಡ ಸಾಲಗಳನ್ನು ಮೊದಲು ತೀರಿಸುತ್ತೇನೆ, ನಿನ್ನದು ಚಿಕ್ಕದು, ಅನ್ನುತ್ತಾನೆ!

ಒಂದೇ ಪುಸ್ತಕಕ್ಕೆ ನಿಲ್ಲಿಸಿದರೆ ಅಪಾಯ. ನೈಜೀರಿಯಾ ಎಂದರೆ ಗೆಣಸಿನ ಹೊಲ, ಹುಲ್ಲಿನ ಮನೆ ಎಂದು ತಲೆಯಲ್ಲಿ ಕೂತುಬಿಡುತ್ತದೆ. ಎರಡನೆಯದು ಬೇರೆ ಕಾಲದ್ದಿರಬೇಕು. ಚಿಮಮಾಂಡಾ ಅಡೀಚಿಯ 'ಹಾಫ್ ಆಫ್ ಎ ಯೆಲ್ಲೋ ಸನ್' ತೆಗೆದುಕೊಂಡೆ. ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಿಯಾಫ್ರಾದಲ್ಲಿ 1967ರಿಂದ 1970ರವರೆಗೆ ನಡೆದ ಯುದ್ಧದ ಕಾಲ. ಅಚಿಬೆಯ ಕಥೆಯಲ್ಲಿದ್ದ ಅದೇ ಇಗ್ಬೊ ಜನಾಂಗದವರು ಅಲ್ಲಿ ಯುನಿವರ್ಸಿಟಿ ಮೇಷ್ಟ್ರುಗಳು, ಸಂಜೆ ಹೊತ್ತು ಕುಡಿಯುತ್ತಾ ರಾಜಕೀಯ ಜಗಳ ಆಡುತ್ತಾರೆ.

ಈಗ ಓದಿನಲ್ಲಿ ಕೈರೋದಲ್ಲಿದ್ದೇನೆ, ಈಜಿಪ್ಟಿನ ನಗೀಬ್ ಮಹ್ಫೂಜ್‌ನ ಮೂರು ಸಂಪುಟಗಳ ಸಂಸಾರದ ಕಾದಂಬರಿ 'ಕೈರೋ ಟ್ರಿಲಜಿ'. ಮೂರಕ್ಕೂ ಅರಬ್ಬಿಯಲ್ಲಿ ಹಳೇ ಕೈರೋದ ಬೀದಿಗಳ ಹೆಸರೇ ಇರುವುದರಿಂದ ನಕ್ಷೆ ಚೆನ್ನಾಗಿ ಕೆಲಸಕ್ಕೆ ಬರುತ್ತಿದೆ. ಮೊದಲ ಸಂಪುಟದಲ್ಲಿ ಗಂಡ ಊರಲ್ಲಿಲ್ಲದಾಗ ಹುಸೇನ್ ಮಸೀದಿ ನೋಡಲು ಹೊರಟ ಅಮೀನಾಗೆ ಕಾರು ಬಡಿದು ಕೊರಳೆಲುಬು ಮುರಿದಿದೆ. ವಾಸಿಯಾಗುವವರೆಗೆ ಸುಮ್ಮನಿದ್ದ ಗಂಡ, ಆಮೇಲೆ ತವರಿಗೆ ಅಟ್ಟಿದ್ದಾನೆ. ಲೈಬ್ರರಿಯಲ್ಲಿ ಎರಡನೇ ಸಂಪುಟ ಮಾತ್ರ ಸಿಗುತ್ತಿಲ್ಲ. ಯಾರ ಹತ್ತಿರವಾದರೂ ಇದ್ದರೆ ಹೇಳಿ.