ಮಕ್ಕಳ ಹಲ್ಲು ನೋಡಿ ಊರ ನೀರು ಪರೀಕ್ಷೆ ಮಾಡಿದೆ

ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನಾನು ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಕ್ಕಳ ಹಲ್ಲು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ನಕ್ಕಾಗೆಲ್ಲ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಮುಂದಿನ ಎರಡು ಹಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ, ನಡುವೆ ಕಂದು ಗೆರೆ. "ದಿನಾ ಹಲ್ಲು ಉಜ್ಜಬೇಕಮ್ಮ" ಎಂದುಬಿಟ್ಟೆ. "ಎಷ್ಟು ತಿಕ್ಕಿದ್ರೂ ಹೋಗವಲ್ದ್ರೀ ಟೀಚರ್" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅದು ಫ್ಲೋರೋಸಿಸ್. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ ಕೆಲಸ ಮಾಡಿರುತ್ತದೆ, ಉಜ್ಜಿ ಏನು ಪ್ರಯೋಜನ?

ಊರಿನ ಹಿರಿಯರನ್ನು ಕೇಳಿದೆ. ಅವರ ಕಾಲದಲ್ಲಿ ಇಂಥ ಹಲ್ಲು ಇಷ್ಟು ಜಾಸ್ತಿ ಇರಲಿಲ್ಲವಂತೆ. ಆಗ ಹೊಲದಲ್ಲಿ ಜೋಳ, ಸಜ್ಜೆ, ಹೆಸರು, ಎಲ್ಲ ಮಳೆ ನಂಬಿದ ಬೆಳೆ. ಕುಡಿಯಲು ಕೆರೆ ಪಕ್ಕದ ನಾಲ್ಕಾಳುದ್ದದ ಬಾವಿ. ಆಮೇಲೆ ದಾಳಿಂಬೆ ಬಂತು, ಅದರ ಹಿಂದೆ ಬೋರ್‌ವೆಲ್ ಬಂತು, ಕೆರೆ ಹೂಳು ತುಂಬಿತು, ನೀರು ಕೆಳಗೆ ಇಳಿದಷ್ಟೂ ಬೋರು ಆಳಕ್ಕೆ ಹೋಯಿತು. ನಮ್ಮ ನೆಲದಡಿಯ ಗ್ರಾನೈಟ್ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಬಂಡೆಯ ಸೀಳಿನಲ್ಲಿ ನೀರು ವರ್ಷಗಟ್ಟಲೆ ನಿಂತಷ್ಟೂ ಅದು ನೀರಿಗೆ ಬಿಡುತ್ತದೆ. ಆಳವಿಲ್ಲದ ಬಾವಿಗಾದರೆ ಮಳೆ ಬಂದಾಗಲೆಲ್ಲ ಹೊಸ ನೀರು. ದಾಳಿಂಬೆ ಹಾಕಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಜ್ಜೆ ಬೆಳೆದು ಮಗಳ ಮದುವೆ ಸಾಲ ತೀರಿಸೋಕೆ ಆಗುತ್ತಾ?

ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇತ್ತು. ತೊಳೆದ ಬಾಟಲಿಗಳಲ್ಲಿ ಆರು ಕಡೆಯ ನೀರು ತಂದು, ಮಕ್ಕಳ ಎದುರೇ ಔಷಧಿಯ ಹನಿ ಹಾಕಿದೆ. ಹಳೇ ಬಾವಿಯ ನೀರು ಗುಲಾಬಿ ಬಣ್ಣದಲ್ಲೇ ಉಳಿಯಿತು. ಶಾಲೆಯ ಬೋರಿನದ್ದು ನೋಡನೋಡುತ್ತ ಹಳದಿ ಆಯಿತು. ಫ್ಲೋರೈಡ್ ಜಾಸ್ತಿ ಇದ್ದರೆ ಹಾಗೆ ಆಗುತ್ತದೆ. ಲ್ಯಾಬಿಗೂ ಕಳಿಸಿದೆವು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ನಡೆಯುತ್ತದೆ. ನಮ್ಮ ಬೋರು ಅದನ್ನೂ ದಾಟಿತ್ತು. ಕಾಸಿ ಕುಡಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳಿದರು. ಕಾಸಿದರೆ ನೀರು ಆವಿಯಾಗಿ ಹೋಗುತ್ತದೆ, ಉಳಿದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ.

ಊರಲ್ಲಿ ಶುದ್ಧ ನೀರಿನ ಘಟಕ ಇತ್ತು, ಆದರೆ ತಿಂಗಳಲ್ಲಿ ಅರ್ಧದಷ್ಟು ದಿನ ಕೆಟ್ಟಿರುತ್ತಿತ್ತು. ಹಾಗಾಗಿ ಮಳೆ ನೀರಿಗೆ ಕೈ ಹಾಕಿದೆವು. ಲೆಕ್ಕ ಸುಲಭ: ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಮಾಳಿಗೆ 1000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಅಂತ ಹಿಡಿದು, ಪೋಲಾಗುವ ಐದನೇ ಒಂದು ಪಾಲು ಕಳೆದರೂ 37 ಸಾವಿರ ಲೀಟರ್! ಕುಡಿಯಲು, ಬಿಸಿಯೂಟದ ಅಡುಗೆಗೆ ತಲೆಗೆ ಎರಡು ಲೀಟರಿನಂತೆ 90 ಮಕ್ಕಳಿಗೆ ದಿನಕ್ಕೆ 180. ದಾನಿಗಳಿಂದ 10 ಸಾವಿರ ಲೀಟರಿನ ತೊಟ್ಟಿ ಆಯಿತು. ಮೊದಲ ಮಳೆಯ ನೀರು ಹೊರಗೆ ಬಿಡುತ್ತೇವೆ, ಮಾಳಿಗೆಯ ದೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಹೋಗುತ್ತದೆ. ಆಮೇಲಿನದ್ದು ಜಲ್ಲಿ, ಮರಳು, ಇದ್ದಿಲು ದಾಟಿ ತೊಟ್ಟಿಗೆ. ಸೊಳ್ಳೆ ಮೊಟ್ಟೆ ಇಡದಂತೆ ಪೈಪಿನ ಬಾಯಿಗೆಲ್ಲ ಜಾಲರಿ ಕಟ್ಟಿದೆವು.

ತುಂಬಿದ ತೊಟ್ಟಿ 55 ದಿನಕ್ಕೆ ಖಾಲಿ. ಅಕ್ಟೋಬರ್ ಮಳೆ ನಿಂತ ಮೇಲೆ ಸಂಕ್ರಾಂತಿ ದಾಟುವುದಿಲ್ಲ. ಆಗ ಹಳೇ ಬಾವಿ ನೆನಪಾಯಿತು. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಜೊತೆ ಜನ ಹಿರೇಹಳ್ಳ ಸ್ವಚ್ಛ ಮಾಡಿದ್ದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಯುವಕರನ್ನು ಬಾವಿಗೆ ಇಳಿಸಲು ಜಾಸ್ತಿ ಹೇಳಬೇಕಾಗಲಿಲ್ಲ. ಕಸ ಎತ್ತಿ, ಬ್ಲೀಚಿಂಗ್ ಪೌಡರ್ ಹಾಕಿ, ಮೇಲೆ ಜಾಲರಿ ಮುಚ್ಚಿದೆವು.

ನನಗೆ ತಡವಾಗಿ ತಿಳಿದದ್ದು ಒಂದಿದೆ. ಮುಂದಿನ ಶಾಶ್ವತ ಹಲ್ಲಿನ ಕವಚ ಮಗು ಶಾಲೆಗೆ ಸೇರುವ ಮೊದಲೇ ಬಹುಪಾಲು ಕಟ್ಟಿ ಮುಗಿದಿರುತ್ತದೆ. ಫ್ಲೋರೈಡ್ ಮೂಳೆಗೂ ಸೇರುತ್ತದೆ, ಆ ಹೊರೆ ಕಡಿಮೆ ಆಗಲು ನಮ್ಮ ತೊಟ್ಟಿ ಬೇಕೇ ಬೇಕು, ಆದರೆ ಹಲ್ಲು ಉಳಿಸಬೇಕಾದದ್ದು ಅಂಗನವಾಡಿ ಮಕ್ಕಳಲ್ಲಿ. ಈಗ ಶನಿವಾರ ಶಾಲೆ ಬಿಟ್ಟ ಮೇಲೆ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗುತ್ತೇನೆ. ಸ್ನಾನಕ್ಕೆ, ಬಟ್ಟೆಗೆ ಬೋರಿನ ನೀರೇ ಇರಲಿ, ಸಣ್ಣ ಮಕ್ಕಳು ಕುಡಿಯಲು, ಅವರ ಗಂಜಿಗೆ ದಿನಾ ಒಂದು ಕೊಡ ಬಾವಿ ನೀರು ತನ್ನಿ, ಅಷ್ಟು ಸಾಕು ಅನ್ನುತ್ತೇನೆ. ಹೋದ ವಾರದ ತನಕ ಹದಿನೇಳು ಮನೆಯವರು ಆ ಕೊಡ ಬೇರೆ ಇಟ್ಟಿದ್ದಾರೆ.