ಮನೆ ಮುಂದಿನ ರಸ್ತೆಗೆ ದುಡ್ಡು ಕೇಳಿದ್ರೆ ಕೊಡೋಕೆ ಮುಂಚೆ ಏನೇನು ನೋಡ್ಬೇಕು

ಚಿಕ್ಕಮಗಳೂರಲ್ಲಿ ಊರಾಚೆ ಹೊಸ ಬಡಾವಣೆಲಿ ಸೈಟ್ ತಗೊಂಡು ಮನೆ ಕಟ್ಟಿರೋರಿಗೆ ಜೂನ್ ಬಂತು ಅಂದ್ರೆ ರಸ್ತೆದೇ ಚಿಂತೆ. ನಮ್ಮ ಬೀದಿಲೂ ಹಂಗೇ, ಕೆಮ್ಮಣ್ಣೆಲ್ಲ ಕೆಸರಾಗಿ ಸ್ಕೂಲ್ ವ್ಯಾನ್ ತಿರುವಲ್ಲೇ ನಿಂತುಬಿಡೋದು, ಮಕ್ಕಳು ಶೂ ಕೈಲಿ ಹಿಡ್ಕೊಂಡು ನಡ್ಕೊಂಡು ಬರೋವು, ನಮ್ಮಮ್ಮ ಒಂದ್ಸಲ ಜಾರಿ ಬಿದ್ದು ಕೈ ಮುರ್ಕೊಂಡ್ರು. ಅದೇ ವಾರ ಬೀದಿಯೋರೆಲ್ಲ ಸೇರಿ ಮನೆಗಿಷ್ಟು ಅಂತ ಹಾಕಿ ಕಾಂಕ್ರೀಟ್ ಮಾಡ್ಸಿದ್ವಿ. ಆ ರಸ್ತೆ ಯಾರ ಹೆಸರಲ್ಲಿದೆ ಅಂತ ಒಬ್ರೂ ಕೇಳಲಿಲ್ಲ.

ಮೊದಲು ಕೇಳ್ಬೇಕಾಗಿರೋದೇ ಅದು. ಅಪ್ರೂವ್ ಆಗಿರೋ ಲೇಔಟ್ ಆದ್ರೆ ರಸ್ತೆ, ಚರಂಡಿ, ನೀರು, ಲೈಟು ಎಲ್ಲಾ ಮಾಡಿಸೋದು ಡೆವಲಪರ್ ಕೆಲಸ, ಆಮೇಲೆ ರಸ್ತೆ ಮತ್ತೆ ಪಾರ್ಕ್ ಜಾಗನ ಬಿಟ್ಟುಕೊಟ್ಟು ನಗರಸಭೆಗೆ ಹಸ್ತಾಂತರ ಮಾಡ್ಬೇಕು. ಹಸ್ತಾಂತರ ಆಗಿದ್ರೆ ನೋಡ್ಕೊಳ್ಳೋದು ನಗರಸಭೆ, ನೀವು ಕಟ್ಟೋ ಆಸ್ತಿ ತೆರಿಗೆ, ಹಣಕಾಸು ಆಯೋಗದ ಅನುದಾನ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆ ದುಡ್ಡು ಇರೋದೇ ಇಂಥ ಕೆಲಸಕ್ಕೆ. ಆಗಿಲ್ಲ ಅಂದ್ರೆ ಕಾನೂನು ಪ್ರಕಾರ ಅದಿನ್ನೂ ಖಾಸಗಿ ಬೀದಿ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಲಿ ಇಂಥ ಬೀದಿನ ಸಮ ಮಾಡಿ, ಜಲ್ಲಿ ಹಾಕಿ, ಚರಂಡಿ ಮಾಡಿ ಅಂತ ಅಕ್ಕಪಕ್ಕದ ಮಾಲೀಕರಿಗೇ ನೋಟಿಸ್ ಕೊಡೋಕೆ ನಗರಸಭೆಗೆ ಅವಕಾಶ ಇದೆ, ಅವರು ಮಾಡದಿದ್ರೆ ತಾನೇ ಮಾಡಿ ಖರ್ಚು ವಸೂಲಿ ಮಾಡಬಹುದು.

ಇದನ್ನ ತಿಳ್ಕೊಳ್ಳೋಕೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಲೇಔಟ್ ನಕ್ಷೆ, ನಗರಸಭೆಲಿ ಹಸ್ತಾಂತರದ ಪತ್ರ ಕೇಳಿ. ಬಾಯಲ್ಲಿ ಹೇಳಿದ್ದನ್ನ ನಂಬಬೇಡಿ, ಕೊಡ್ಲಿಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, 30 ದಿನದೊಳಗೆ ಉತ್ತರ ಕೊಡ್ಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಹಾಗಾಗಿ ಊರ ದೂರೆಲ್ಲ ಅದರಲ್ಲೇ ತುರುಕಬೇಡಿ.

ಸುಧಾರಣಾ ತೆರಿಗೆ ಅನ್ನೋದು ಬೇರೆ. ಪ್ರಾಧಿಕಾರ ಮಾಡಿದ ಯೋಜನೆಯಿಂದ ಅಕ್ಕಪಕ್ಕದ ಜಾಗದ ಬೆಲೆ ಏರಿದ್ರೆ, ಏರಿದಷ್ಟರಲ್ಲಿ ಮೂರನೇ ಒಂದು ಭಾಗ ಕೇಳಬಹುದು ಅಂತ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಹೇಳತ್ತೆ. ಖಾತೆ ಮಾಡ್ಸುವಾಗ ಅಭಿವೃದ್ಧಿ ಶುಲ್ಕ ಅಂತ ಕಟ್ಟಿದ್ರೆ ಆ ಚಲನ್ ಜೋಪಾನ ಮಾಡಿ, ಮುಂದೆ ಯಾರಾದ್ರೂ ರಸ್ತೆಗೆ ಅಂತ ಮತ್ತೆ ಕೇಳಿದ್ರೆ ಅದನ್ನೇ ಮುಂದಿಡಿ.

ಈಗ ಬೀದಿಯೋರೇ ಸೇರಿ ಮಾಡ್ಸೋದಾದ್ರೆ ಖರ್ಚು ಹಂಚೋ ಲೆಕ್ಕ, ಜಗಳ ಆಗೋದೇ ಇಲ್ಲಿ. ಖರ್ಚು 6 ಲಕ್ಷ, ಎರಡೂ ಕಡೆ ಸೇರಿ ಬೀದಿ ಮುಖ, ಅಂದ್ರೆ ಸೈಟುಗಳು ರಸ್ತೆಗೆ ತಾಗೋ ಅಳತೆ, 600 ಅಡಿ ಅಂದ್ಕೊಳ್ಳಿ, ಅಡಿಗೆ 1000 ಆಯ್ತು. 30 ಅಡಿ ಸೈಟ್‌ಗೆ 30 ಸಾವಿರ, ಎರಡು ಸೈಟ್ ಸೇರಿಸಿ ಮನೆ ಕಟ್ಟಿರೋರಿಗೆ 60 ಸಾವಿರ. ಅದೇ ಮನೆಗಿಷ್ಟು ಅಂತ ಸಮ ಹಂಚಿದ್ರೆ ಚಿಕ್ಕ ಸೈಟಿನೋರು ದೊಡ್ಡೋರ ಪಾಲನ್ನೂ ಹೊರಬೇಕಾಗತ್ತೆ, ನನ್ನ ಪ್ರಕಾರ ಅದು ತಪ್ಪು. ಟೇಪ್ ಹಿಡಿದು ಅಳೆದೇ ಹಂಚಿ.

ಅಮೆರಿಕದ ಮಿನ್ನೆಸೋಟಾದಲ್ಲಿರೋ ನಮ್ಮಕ್ಕನ ಮಗನಿಗೆ ಹಿಂಗೇ ಸಿಟಿಯಿಂದ ರಸ್ತೆಗೆ ಕಾಗದ ಬಂದಿತ್ತು. ಅಲ್ಲಿ ಎಷ್ಟೋ ಊರಲ್ಲಿ ಲೆಕ್ಕ ಈ ಅಡಿ ಮೇಲೇನೇ, ಆದ್ರೆ ರಸ್ತೆಯಿಂದ ಮನೆ ಬೆಲೆ ಎಷ್ಟು ಏರತ್ತೋ ಅದಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ. ಮೊದಲೇ ವಿಚಾರಣೆ ಇಡ್ತಾರೆ, ಸಹಿ ಹಾಕಿದ ಆಕ್ಷೇಪಣೆನ ಅದಕ್ಕೆ ಮುಂಚೆ ಇಲ್ಲ ಅಲ್ಲೇ ಕೊಡ್ಬೇಕು, ಕೊಟ್ಟಿಲ್ಲ ಅಂದ್ರೆ ಆಮೇಲೆ ಕೋರ್ಟಿಗೆ ಹೋಗೋ ಹಕ್ಕೂ ಸಾಮಾನ್ಯವಾಗಿ ಹೋಯ್ತು. ಅಲ್ಲಿ ಮನೆ ತಗೊಂಡಿರೋ ನಿಮ್ಮ ಮಕ್ಕಳಿಗೂ ಇದನ್ನ ಹೇಳಿ.

ದುಡ್ಡು ಕೊಡಲೇಬೇಕು ಅಂತಾದ್ರೆ ಎಸ್ಟಿಮೇಟ್ ಕಾಪಿ ಕೈಲಿಟ್ಕೊಂಡು, ರಸೀದಿ ತಗೊಂಡೇ ಕೊಡಿ. ಕಾಂಕ್ರೀಟ್‌ಗೆ ಮುಂಚೆ ನೀರಿನ ಪೈಪ್, ಯುಜಿಡಿ (ನೆಲದಡಿಯ ಒಳಚರಂಡಿ) ಎಲ್ಲಾ ಹಾಕ್ಸಿ. ನಾವು ಹಾಕ್ಸಿರಲಿಲ್ಲ, ಮಾರನೇ ವರ್ಷ ಯುಜಿಡಿಗೆ ಅಂತ ರಸ್ತೆ ಮಧ್ಯಕ್ಕೇ ಜೆಸಿಬಿ ಇಳಿಸಿದ್ರು, ಆ ಪಟ್ಟಿ ಇವತ್ತಿಗೂ ಬರೀ ಮಣ್ಣೇ.