ಬೇರೆ ದೇಶದವರಿಗೆ ಮೆಸೇಜ್ ಮಾಡುವ ಮೊದಲು

ಬೇರೆ ದೇಶದಲ್ಲಿರುವವರಿಗೆ ಮೊದಲ ಸಲ ಮೆಸೇಜ್ ಮಾಡುವಾಗ ನಿಮಗೆ ರೂಢಿಯಾದ ಆ್ಯಪ್ ಬಿಡಿ, ಅಲ್ಲಿನ ಜನ ದಿನವೂ ತೆರೆಯುವ ಆ್ಯಪ್‌ನಲ್ಲೇ ಕಳಿಸಿ. ಉತ್ತರ ಬೇಗ ಬರುತ್ತದೆ. ಜಪಾನಿನವರಿಗೆ ಲೈನ್, ದಕ್ಷಿಣ ಕೊರಿಯಾದವರಿಗೆ ಕಾಕಾವೊಟಾಕ್, ಚೀನಾದವರಿಗೆ ವಿಚಾಟ್, ಬ್ರೆಜಿಲ್‌ನವರಿಗೆ ವಾಟ್ಸಾಪ್. ಅಮೆರಿಕದವರಿಗೆ ಮಾಮೂಲಿ ಎಸ್ಸೆಮ್ಮೆಸ್ಸೇ ಸಾಕು. ಈ ವ್ಯತ್ಯಾಸಕ್ಕೆ ಕಾರಣ ಜಾಸ್ತಿ ದುಡ್ಡಿನ ಲೆಕ್ಕ. ಅಮೆರಿಕದಲ್ಲಿ ಫೋನ್ ಪ್ಲಾನಿನ ಜೊತೆಗೇ ಮಿತಿಯಿಲ್ಲದ ಎಸ್ಸೆಮ್ಮೆಸ್ ಸಿಗತೊಡಗಿತು, ಬೇರೆ ಆ್ಯಪ್ ಹುಡುಕುವ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಒಂದೊಂದು ಮೆಸೇಜಿಗೂ ಹಣ ಕೊಡಬೇಕಿದ್ದ ಕಡೆ, 2009ರಲ್ಲಿ ಬಂದ ವಾಟ್ಸಾಪ್‌ಗೆ ಜನ ಬೇಗ ಒಗ್ಗಿಕೊಂಡರು. ಜಪಾನಿನ ಕಥೆ ಬೇರೆ. 2011ರ ಮಾರ್ಚ್‌ನ ಭೂಕಂಪದಲ್ಲಿ ಫೋನ್ ಕರೆಗಳೇ ಸಿಗದೆ ಜನ ಒದ್ದಾಡಿದರು, ಅದೇ ವರ್ಷ ಜೂನ್‌ನಲ್ಲಿ ಲೈನ್ ಬಂತು. ಮನೆಯವರು, ಗೆಳೆಯರು ಎಲ್ಲ ಒಂದೇ ಕಡೆ ಇದ್ದ ಮೇಲೆ ಯಾರೂ ಸುಮ್ನೆ ಆ್ಯಪ್ ಬದಲಿಸುವುದಿಲ್ಲ, ಅಲ್ವಾ? ಆದರೆ ವಲಸೆ ಹೋದವರ ವಿಷಯದಲ್ಲಿ ಈ ಉಪಾಯ ಕೆಲವೊಮ್ಮೆ ಕೈಕೊಡುತ್ತದೆ. ಅವರು ಹುಟ್ಟೂರಿನ ಆ್ಯಪ್ಪನ್ನೇ ಇಟ್ಟುಕೊಂಡಿರಬಹುದು, ಹಾಗಾಗಿ ಒಮ್ಮೆ ಕೇಳಿಬಿಡಿ. ಹೊರದೇಶದಿಂದ ಅಮೆರಿಕಕ್ಕೆ ಎಸ್ಸೆಮ್ಮೆಸ್ ಕಳಿಸುವವರು ಮೊದಲು ದರ ನೋಡಿಕೊಳ್ಳಿ. ಅವರ ಪ್ಲಾನ್‌ನಲ್ಲಿ ಉಚಿತವಾಗಿದ್ದರೂ ನಿಮ್ಮ ಪ್ಲಾನ್‌ನಲ್ಲಿ ಅಂತರರಾಷ್ಟ್ರೀಯ ದರ ಬೀಳಬಹುದು.